ಹನ್ನೊಂದು ನಿಮಿಷದ ಬ್ಯಾಟರಿ

ಮುಚ್ಚಿಹೋದ ಸೈಬರ್ ಕೆಫೆಯ ಗುಜರಿ ರಾಶಿಯಲ್ಲಿ
ಮೂವತ್ತು ರೂಪಾಯಿಗೆ ಸಿಕ್ಕಿದ ವೆಬ್‌ಕ್ಯಾಮ್ ಇದು.
ದುಬಾಯಿಯ ಅಪ್ಪಂದಿರಿಗೆ ಇಲ್ಲಿಯ ಮಕ್ಕಳ
ಹಲ್ಲು ಬಿದ್ದ ಬಾಯಿ ತೋರಿಸಿ ತೋರಿಸಿ ದಣಿದದ್ದು.
ಅದರ ಮಸೂರ ತಿರುಚಿ ತೆಗೆದೆ.
ಬರಿಗಣ್ಣಾಯಿತು.

ಸ್ಟುಡಿಯೋದವರು ಬಿಸಾಡಿದ ರೀಲಿನ ಡಬ್ಬಿಯ ತಳ ಕೊಯ್ದು
ಅದರೊಳಗೆ ಕೂರಿಸಿದರೆ
ದುರ್ಬೀನಿನ ಬಾಯಿಗೆ ಹೇಳಿ ಮಾಡಿಸಿದ ಹಾಗೆ.
ಕೊಳವೆ ಪಿವಿಸಿ. ಕನ್ನಡಿ ಮಾತ್ರ ದುಡ್ಡು ಕೊಟ್ಟದ್ದು,
ಎರಡು ಮಳೆಗಾಲದ ಉಳಿಕೆ.

ಹೊಟ್ಟೆಪಾಡಿಗೆ ಬೋಟಿನವರ ಫಿಶ್ ಫೈಂಡರ್ ರಿಪೇರಿ.
ನೀರಿನ ಅಡಿ ಏನಿದೆಯೆಂದು ಹೇಳುವ ಪೆಟ್ಟಿಗೆಗಳು
ಬಾಯಿ ಕಟ್ಟಿದಾಗ ನನ್ನ ಮೇಜಿಗೆ ಬರುತ್ತವೆ.
ದಾಮು ಕುಂದರರದ್ದು ಈಗಲೂ ಇದೆ, ಹೊಟ್ಟೆ ಬಿಚ್ಚಿಕೊಂಡು.
"ಚಂದ್ರ ಮುಳುಗಿದ ಮೇಲೆ ಹೊರಡುವುದು ಮಾರಾಯ,
ಅಷ್ಟರೊಳಗೆ ಕೊಡು."
ಬೆಳ್ದಿಂಗಳಿದ್ದರೆ ಮೀನಿನ ಹಿಂಡು ಕಾಣುವುದಿಲ್ಲ;
ಕತ್ತಲಲ್ಲಾದರೆ ಅದು ಹೋದಲ್ಲೆಲ್ಲ ನೀರೇ ಮಿನುಗಿ
ಗುಟ್ಟು ಬಿಟ್ಟುಕೊಡುತ್ತದೆ.
ಅವರಿಗೆ ಚಂದ್ರ ಮುಳುಗಬೇಕು.
ನನಗೆ ಇನ್ನಷ್ಟು ಹೊತ್ತು ಇರಬೇಕು.
ನವಮಿಯವನು ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ
ಪಡುಗಡಲ ಕಡೆ ನಡೆದಿದ್ದಾನೆ.

(ಬಂದರಿನಲ್ಲಿ ನಗುವವರಿದ್ದಾರೆ:
ತಿಂಗಳಾಯನಿಗೆ ತಿಂಗಳ ಹುಚ್ಚು ಹಿಡಿದರೆ
ಅಡ್ಡಹೆಸರಿಗೆ ತಕ್ಕದ್ದೇ ಆಯಿತಲ್ಲ.)

ತಾರಸಿಗೆ ತಾಗಿಕೊಂಡೇ ಐಸ್ ಪ್ಲಾಂಟ್.
ಕಂಪ್ರೆಸರ್ ತಿರುಗಿದರೆ ಗೋಡೆ ಗುಂಯ್ ಎನ್ನುತ್ತದೆ,
ಗೋಡೆಯಿಂದ ತಾರಸಿಗೆ, ತಾರಸಿಯಿಂದ ಕೊಳವೆಗೆ,
ಅಲ್ಲಿಂದ ಮೂರೂ ಮುಕ್ಕಾಲು ಲಕ್ಷ ಕಿಲೋಮೀಟರ್ ಆಚೆಯ
ಒಂದು ಬೆಟ್ಟದ ಸಾಲಿಗೆ ನಡುಕ.
ಮಲ್ಪೆಯ ಐಸು ಗಟ್ಟಿಯಾಗುವವರೆಗೂ
ಚಂದ್ರನಿಗೆ ಚಳಿಜ್ವರ.

ನಿಲ್ಲುವುದೂ ಇಲ್ಲ. ಚೌಕಟ್ಟಿನ ಈ ಅಂಚಿನಿಂದ ಹೊಕ್ಕವನು
ನಿಮಿಷ ತುಂಬುವ ಮೊದಲೇ ಆ ಅಂಚಿನಿಂದ ಹೊರಗೆ.
ಓಡುವುದು ಅವನಲ್ಲ, ನಾನು ನಿಂತ ತಾರಸಿ. ಗೊತ್ತಿದೆ.
ಆದರೂ ಕೊಳವೆಯನ್ನು ಬೆರಳ ತುದಿಯಲ್ಲಿ ತಳ್ಳುವಾಗ
"ಸ್ವಲ್ಪ ನಿಲ್ಲು" ಎಂದು ಬಾಯಿಗೆ ಬರುತ್ತದೆ.

ಒಂಬತ್ತು ನಲವತ್ತಕ್ಕೆ ಕರೆಂಟ್ ಹೋಯಿತು.
ಕಂಪ್ರೆಸರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಐಸ್ ಪ್ಲಾಂಟಿನೊಳಗೆ ಯಾರೋ ಯಾರಿಗೋ ಬೈದರು.
ಆಮೇಲೆ ಅಲೆ ಕೇಳಿಸಿತು,
ಇಷ್ಟು ಹೊತ್ತೂ ಇದ್ದದ್ದೇ.
ಪರದೆಯ ಮೇಲೆ ಬೆಟ್ಟಗಳು ನಿಂತವು.

ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಗೆ ಹನ್ನೊಂದು ನಿಮಿಷದ ಆಯುಸ್ಸು.
ಉಸಿರು ಬಿಗಿಹಿಡಿದು ತೆಗೆಯುತ್ತ ಹೋದೆ.
ಒಂದು ಕುಳಿಯ ನಡುವೆ ಒಂಟಿ ಶಿಖರ,
ಬುಡದಲ್ಲಿ ಇನ್ನೂ ರಾತ್ರಿ, ತುದಿಗೆ ಮಾತ್ರ ಬೆಳಗಾಗಿತ್ತು.
ಕೆಳಗೆ ಮೆಟ್ಟಿಲ ಬಳಿ ದಾಮು ಕುಂದರರ ಟಾರ್ಚು ಸುಳಿಯಿತು.
"ಆಯಿತಾ?"
"ಹನ್ನೊಂದು ನಿಮಿಷ," ಎಂದೆ.
ಯಾವುದಕ್ಕೆಂದು ಅವರು ಕೇಳಲಿಲ್ಲ.

ಕರೆಂಟ್ ಬಂದ ಮೇಲೆ ನೋಡಿದರೆ
ಸಡಿಲವಾಗಿದ್ದದ್ದು ಒಂದೇ ತಂತಿ. ಬೆಸೆದು ಕೊಟ್ಟೆ.
ರಾತ್ರಿ ಬೋಟು ಹೊರಟ ಸದ್ದು ಕೇಳಿಸಿತು.
ಚಂದ್ರ ಮುಳುಗಿದ್ದು ನಾನು ನೋಡಲಿಲ್ಲ.

ಮರುದಿನ ಸಾಫ್ಟ್‌ವೇರ್ ಕೂತು ಆರಿಸಿತು.
ಆರು ಸಾವಿರದ ಚಿಲ್ಲರೆ ಚಿತ್ರಗಳಲ್ಲಿ
ಮುನ್ನೂರ ಹನ್ನೆರಡು ಇಟ್ಟುಕೊಂಡು ಉಳಿದದ್ದು ಆಚೆ.
ಧಕ್ಕೆಯಲ್ಲಿ ವಾರಿಜಕ್ಕ ರಾಶಿಯ ಮುಂದೆ ಕೂರುವುದೂ ಹೀಗೇ,
ಬಂಗುಡೆ ಇತ್ತ, ಜಜ್ಜಿದ್ದು ಅತ್ತ,
ಕೈಗೆ ಗೊತ್ತು, ಕಣ್ಣು ಬೇರೆಲ್ಲೋ.
ಆರಿಸಿದ್ದನ್ನು ಒಂದರ ಮೇಲೊಂದು ಪೇರಿಸಿದಾಗ
ಯಾವುದರಲ್ಲೂ ಇಲ್ಲದ ಗೆರೆ
ಎಲ್ಲದರಿಂದ ಎದ್ದು ಬಂತು.
ಆ ರಾತ್ರಿಯ ಯಾವ ಕ್ಷಣವೂ ಕಂಡಿರದ ಚಂದ್ರ.

ಫೋನಿಗೆ ಹಾಕಿಕೊಂಡು ವಾರಿಜಕ್ಕನಿಗೆ ತೋರಿಸಿದೆ.
ಕೈಯನ್ನು ಸೀರೆಗೆ ಒರೆಸಿ, ಹತ್ತಿರ ಹಿಡಿದು, ದೂರ ಹಿಡಿದು,
"ಚಿಪ್ಪು ಕೆರೆದ ದೋಣಿಯ ಅಡಿ," ಎಂದಳು.
"ದಡಕ್ಕೆ ಎಳೆದು ಹಾಕಿದ್ದಾರೆ. ಬಣ್ಣ ಇನ್ನೂ ಹೊಡೆದಿಲ್ಲ."
ಮತ್ತೆ ರಾಶಿಗೆ ತಿರುಗಿದಳು.
ಮರಳಿ ಬಂದ ಪರದೆಯ ಮೇಲೆ,
ಚಂದ್ರನಿಗೆ ಇನ್ನೂ ಬೆಳಗಾಗದ ಕಡೆ,
ಒಂದು ಹುರುಪೆ ಅಂಟಿತ್ತು.